ಬೂದಿಗೆ ಬೀಳದ ದೋಣಿ ನಾಣ್ಯ

ಆ ಭಾನುವಾರ ಕ್ಯಾಪ್ಟನ್ ಮೋಕ್ ಮನೆಯಲ್ಲೇ ಮಲಗಿರಬೇಕಿತ್ತು. ಎರಡು ದಿನದಿಂದ ಜ್ವರವಿತ್ತು, ಮಗಳು ಫೋನಿನಲ್ಲೇ ಗದರಿಸಿದ್ದಳು. ಆದರೆ ದಕ್ಷಿಣ ಚೀನಾದ ನಮ್ಮ ವುಝೌ ಊರಿನಲ್ಲಿ ನಾಣ್ಯದ ಸಂತೆ ಕೂಡುವುದು ಭಾನುವಾರ ಬೆಳಿಗ್ಗೆ ಮಾತ್ರ. ಹೆಂಡತಿ ತೀರಿಕೊಂಡ ಮೇಲೆ ಅವರು ಒಂದು ಸಂತೆಯನ್ನೂ ತಪ್ಪಿಸಿದವರಲ್ಲ. ಸಂತೆ ಕೂಡುವ ಬೀದಿಯ ಕಂಬಸಾಲಿನ ಚಾವಣಿ ಕೆಳಗೆ ನಡೆದು ಬಂದರು, ನಾಣ್ಯ ಹರಡಿದ್ದ ನನ್ನ ಮೇಜಿನ ಮುಂದಿನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತರು, ಭೂತಗನ್ನಡಿಗೆ ಕೈ ಚಾಚಿದರು. ಕನ್ನಡಿ ಕೈಗೆ ಸಿಗುವ ಮೊದಲೇ ಪಕ್ಕಕ್ಕೆ ವಾಲಿದರು. ನಾನು ಹಿಡಿದುಕೊಳ್ಳದಿದ್ದರೆ ತಲೆ ಕಂಬಕ್ಕೆ ಬಡಿಯುತ್ತಿತ್ತು.

ಕ್ಯಾಪ್ಟನ್ ಎಂದರೆ ಹಡಗಿನ ಕ್ಯಾಪ್ಟನ್ ಅಲ್ಲ. ವುಝೌದಿಂದ ಗ್ವಾಂಗ್‌ಝೌಗೆ ನದಿಯಲ್ಲಿ ಜನರನ್ನು ಸಾಗಿಸುತ್ತಿದ್ದ ದೊಡ್ಡ ದೋಣಿಯನ್ನು ಬಹಳ ವರ್ಷ ನಡೆಸಿದವರು. ರಸ್ತೆ ಬಂತು, ರೈಲು ಬಂತು, ದೋಣಿ ನಿಂತಿತು. ಹೆಸರು ಮಾತ್ರ ಅವರ ಜೊತೆ ಉಳಿಯಿತು.

ನನ್ನ ಮೇಜಿನಿಂದ ಒಂದು ಕಂಬ ಆಚೆಗೆ ವಾಯ್ ಗಾಮ್‌ಹೋ ಎಂಬಾಕೆಯ ಕಷಾಯದ ಅಂಗಡಿ. ನಾವೆಲ್ಲ ಹೋ ಅಕ್ಕ ಎನ್ನುತ್ತೇವೆ. ಆಕೆಯ ಅತ್ತೆಯ ಕಾಲದಿಂದಲೂ ಅಲ್ಲೇ ಇರುವ ಅಂಗಡಿ: ಎರಡು ತಾಮ್ರದ ಹಂಡೆ, ಹಿಂದೆ ಗಿಡಮೂಲಿಕೆಯ ಮರದ ಡ್ರಾಯರುಗಳು. ಬೀದಿಯ ಮಕ್ಕಳಿಗೆ ಜ್ವರ ಬಂದರೆ ತಾಯಂದಿರು ಆಸ್ಪತ್ರೆಗೂ ಹೋಗುತ್ತಾರೆ, ಹೋ ಅಕ್ಕನ ಹತ್ತಿರವೂ ಬರುತ್ತಾರೆ. ಆಕೆ ಬಂದು ಕ್ಯಾಪ್ಟನ್ನರ ಹಣೆ ಮುಟ್ಟಿದಳು.

"ತಾಮ್, ಆ ಬೆಂಚು ಈ ಕಡೆ ಎಳಿ. ನೀನು ಹಿಂಗೆ ತಬ್ಕೊಂಡು ನಿಂತ್ರೆ ಮುದುಕಪ್ಪನ ಜ್ವರ ಇಳಿಯುತ್ತಾ?" ಎಂದು ನನ್ನನ್ನು ಗದರಿದಳು.

ಬೆಂಚಿನ ಮೇಲೆ ಮಲಗಿಸಿದೆವು. ಆಕೆ ಬೇಯಿಸಿದ ಮೊಟ್ಟೆ ಸುಲಿದು, ಹಳದಿ ಭಾಗ ಎಸೆದು, ಬಿಳಿಯದರ ನಡುವೆ ಒಂದು ಬೆಳ್ಳಿ ನಾಣ್ಯವಿಟ್ಟು ಕರವಸ್ತ್ರದಲ್ಲಿ ಬಿಗಿದು ಗಂಟು ಕಟ್ಟಿದಳು. ಅದನ್ನು ಬಿಸಿಬಿಸಿಯಾಗಿಯೇ ಹಣೆ, ಕತ್ತು, ಬೆನ್ನು, ಅಂಗಾಲಿಗೆ ಉಜ್ಜತೊಡಗಿದಳು.

"ಸುಡ್ತಿದೆ," ಎಂದು ಕ್ಯಾಪ್ಟನ್ ನರಳಿದರು.

"ಸುಡ್ಲಿ ಅಂತಾನೇ ಉಜ್ಜೋದು. ಪ್ರವಾಹದಲ್ಲಿ ದೋಣಿ ನಡೆಸ್ದೋರು ಮೊಟ್ಟೆಗೆ ಹೆದರ್ತೀರಾ?"

ಮೊಟ್ಟೆ ತಣ್ಣಗಾದ ಮೇಲೆ ಗಂಟು ಬಿಚ್ಚಿದಳು. ಬಿಳಿಯಾಗಿ ಒಳಹೋಗಿದ್ದ ನಾಣ್ಯ ನೀಲಿ, ನೇರಳೆಯಾಗಿ ಈಚೆ ಬಂದಿತ್ತು. ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದಳು.

"ನೀಲಿ ಬಂದಿದೆ, ಒಳಗೆ ಶೀತ ಹೊಕ್ಕಿದೆ. ಅಂಚಲ್ಲಿ ಕೆಂಪು, ಅದು ಉಷ್ಣ. ಈ ಮನುಷ್ಯ ಯಾವುದನ್ನೂ ಬಿಟ್ಟಿಲ್ಲ."

ನಾಣ್ಯ ತಿಕ್ಕಲು ಬೂದಿಯ ಡಬ್ಬಿಗೆ ಕೈ ಹಾಕಿದಳು. ಅಲ್ಲಿಯವರೆಗೆ ಕಣ್ಣು ಮುಚ್ಚಿಕೊಂಡಿದ್ದ ಕ್ಯಾಪ್ಟನ್ ಥಟ್ಟನೆ ಆಕೆಯ ಮಣಿಕಟ್ಟು ಹಿಡಿದರು.

"ತಿಕ್ಬೇಡ ಹೋ ಅಕ್ಕ. ನಿನ್ನ ದಮ್ಮಯ್ಯ, ಅದನ್ನ ತಿಕ್ಬೇಡ."

ಅವರಿಗೆ ಜ್ವರದಲ್ಲೂ ಕಂಡದ್ದು ಏನೆಂದು ನನಗೆ ಗೊತ್ತಿತ್ತು. ಅದು ಹಳೆಯ ಕಾಲದ ದೋಣಿ ನಾಣ್ಯ: ಒಂದು ಕಡೆ ಚೀನಾ ಗಣರಾಜ್ಯ ಕಟ್ಟಿದ ಹಿರಿಯರೊಬ್ಬರ ಮುಖ, ಇನ್ನೊಂದು ಕಡೆ ಎರಡು ಹಾಯಿಯ ದೋಣಿ. ಕ್ಯಾಪ್ಟನ್ ಬೇರೇನನ್ನೂ ಕೂಡಿಡುವವರಲ್ಲ, ಇದೊಂದನ್ನೇ. ಅದರಲ್ಲೂ ಬಣ್ಣ ಹತ್ತಿದ್ದನ್ನು. ಬೆಳ್ಳಿಗೆ ಗಂಧಕದ ಗಾಳಿ ತಗುಲಿದರೆ ಮೇಲೊಂದು ಪದರ ಕಟ್ಟುತ್ತದೆ. ಮೊದಲು ತೆಳುವಾದ ಹೊಂಬಣ್ಣ, ಆಮೇಲೆ ಕೆಂಪು, ನೇರಳೆ, ನೀಲಿ, ಹಸಿರು, ಕೊನೆಗೆ ಕಪ್ಪು. ಕಾಗದದಲ್ಲೋ ಬಟ್ಟೆಯಲ್ಲೋ ಹತ್ತಾರು ವರ್ಷ ಸುಮ್ಮನೆ ಬಿದ್ದಿದ್ದು ತಾನಾಗಿ ಬಣ್ಣ ಹತ್ತಿಸಿಕೊಂಡ ನಾಣ್ಯಕ್ಕೆ ಜನ ಹುಚ್ಚರಾಗುತ್ತಾರೆ. ಒಂದು ಸಲ ಉಜ್ಜಿದರೆ ಮುಗಿಯಿತು, ಬಣ್ಣದ ಜೊತೆ ಟಂಕಸಾಲೆಯ ಹೊಳಪೂ ಹೋಗುತ್ತದೆ.

ಹೋ ಅಕ್ಕನಿಗೆ ಇದು ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಇಷ್ಟವೂ ಇರಲಿಲ್ಲ.

"ಇದು ನಿಮ್ಮ ಕಾಯಿಲೆ. ಮೈಯಿಂದ ಈಚೆಗೆ ಬಂದಿದೆ. ಬೂದಿ ಹಾಕಿ ತಿಕ್ಕಿದ್ರೆ ಹೋಗುತ್ತೆ. ಹಾಗೇ ಇಟ್ಕೊಂಡ್ರೆ ವಾಪಸ್ ಬರುತ್ತೆ, ಅದಕ್ಕೆ ದಾರಿ ಗೊತ್ತಿರುತ್ತಲ್ಲ."

"ಬಂದ್ರೆ ಬರ್ಲಿ. ಅದರ ಬದ್ಲು ಬೆಳ್ಳಗೆ ಹೊಳೆಯೋ ದೋಣಿ ನಾಣ್ಯ ಕೊಡ್ತೀನಿ. ನಿನ್ನ ಕೆಲ್ಸಕ್ಕೆ ಅದೇ ಚೆನ್ನ."

"ಮೊದ್ಲು ಮನೆಗೆ ಹೋಗಿ ಮಲಕ್ಕೊಳ್ಳಿ," ಎಂದು ಆಕೆ ನಾಣ್ಯವನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ನಾನು ಕ್ಯಾಪ್ಟನ್ನರನ್ನು ಗಾಡಿ ಹತ್ತಿಸಿ ಮನೆ ಮುಟ್ಟಿಸಿದೆ.

ಮುಂದಿನ ಭಾನುವಾರದ ಹೊತ್ತಿಗೆ ಅವರು ಚೇತರಿಸಿಕೊಂಡಿದ್ದರು. ಕೊಟ್ಟ ಮಾತಿನಂತೆ ಬಿಳಿಯ ನಾಣ್ಯ ತಂದರು. ಹೋ ಅಕ್ಕ ಅದನ್ನು ಕಲ್ಲಿನ ಮೇಲೆ ಬಡಿದು ಸದ್ದು ಕೇಳಿದಳು, ಸರಿಯೆನಿಸಿತು, ಒಳಗಿನಿಂದ ಕಂದು ಕಾಗದದ ಪುಟ್ಟ ಪೊಟ್ಟಣ ತಂದು ಕೊಟ್ಟಳು. ಕೊಟ್ಟವಳೇ ಹಂಡೆಗೆ ನೀರು ಸುರಿಯಲು ಹೋದಳು.

ಪೊಟ್ಟಣ ಬಿಚ್ಚಿದ್ದು ನನ್ನ ಮೇಜಿನ ಮೇಲೆ. ನಾನು ಈ ವ್ಯಾಪಾರದಲ್ಲಿ ಕೂದಲು ನೆರೆಸಿಕೊಂಡವನು, ಆದರೂ ಇಂಥದ್ದನ್ನು ಕಂಡಿರಲಿಲ್ಲ. ಅಂಚಿನಲ್ಲಿ ನವಿಲಿನ ಕತ್ತಿನ ನೀಲಿ, ಅದರ ಒಳಗೆ ನೇರಳೆ, ಆಮೇಲೆ ದಾಳಿಂಬೆ ಕೆಂಪು, ನಡುವೆ ದೋಣಿಯ ಸುತ್ತ ತಿಳಿ ಹೊಂಬಣ್ಣ. ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಹೇಳುವಂತಿರಲಿಲ್ಲ. ವಾಲಿಸಿದರೆ ಬೆಳಕು ಚಕ್ರದ ಅರಗಳ ಹಾಗೆ ನಾಣ್ಯದ ಮೇಲೆ ಸುತ್ತುತ್ತಿತ್ತು. ಬಣ್ಣ ಮೇಲೆ ಬಳಿದ ಹಾಗಿರಲಿಲ್ಲ, ಬೆಳ್ಳಿಯ ಒಳಗಿಂದ ಬರುವ ಹಾಗಿತ್ತು.

"ಅವತ್ತು ನೇರಳೆ ಜಾಸ್ತಿ ಇದ್ದಂಗೆ ನೆನಪು," ಎಂದರು ಕ್ಯಾಪ್ಟನ್. "ಜ್ವರದ ಕಣ್ಣು, ಏನು ಕಂಡಿತೋ ಏನೋ."

"ಕ್ಯಾಪ್ಟನ್, ಇದರ ಮೇಲೆ ತಿಕ್ಕಿದ ಗೆರೆ ಒಂದೂ ಇಲ್ವಲ್ಲ. ಬೀದಿ ಮಕ್ಕಳಿಗೆಲ್ಲ ಉಜ್ಜಿ, ಪ್ರತಿ ಸಲ ಬೂದೀಲಿ ತಿಕ್ಕಿರೋ ನಾಣ್ಯ ಹಿಂಗಿರುತ್ತಾ?"

"ನನಗೆ ಉಜ್ಜೋಕೆ ಅಂತ ಹೊಸದು ತೆಗೆದಿರ್ತಾಳೆ. ಅವಳತ್ತೆ ಒಂದೆರಡು ಬಿಟ್ಟು ಹೋಗಿದ್ಲಂತೆ."

ಇರಬಹುದು ಎಂದುಕೊಂಡೆ. ಹೋ ಅಕ್ಕನನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಒಂದು ಕಂಬದ ದೂರ. ಇಬ್ಬರೂ ಕೇಳಲಿಲ್ಲ.

ಕ್ಯಾಪ್ಟನ್ನರಿಗೆ ಆ ನಾಣ್ಯದ ಮೇಲಿದ್ದದ್ದು ಬಣ್ಣದ ಆಸೆಯಷ್ಟೇ ಅಲ್ಲ. ಅದು ತಮ್ಮದೇ ಜ್ವರ ಎಂಬುದು ಅವರಿಗೆ ಬಹಳ ಹಿಡಿಸಿತ್ತು. ಬೇರೆಯವರ ಕಪಾಟಿನಲ್ಲಿ, ಬೇರೆಯವರ ಪೆಟ್ಟಿಗೆಯಲ್ಲಿ ಬಣ್ಣ ಕಟ್ಟಿದ ನಾಣ್ಯಗಳನ್ನು ಕೊಂಡು ತಂದವರು, ಈಗ ತಮ್ಮ ಮೈಯಿಂದಲೇ ಬಣ್ಣ ಪಡೆದದ್ದೊಂದು ಸಿಕ್ಕಿತಲ್ಲ ಎಂದು ಸಂತೆಯಲ್ಲಿ ಸಿಕ್ಕಸಿಕ್ಕವರಿಗೆ ತೋರಿಸಿದರು, ಮೊಟ್ಟೆಯ ಕಥೆಯನ್ನೂ ಹೇಳಿದರು.

ನನ್ನ ಎದುರು ಕಂಬದ ಕೆಳಗೆ ಕೂರುವ ಚಾನ್ ಬಾಕ್‌ಹಿಂಗ್‌ಗೆ ಇದನ್ನು ಸಹಿಸಲಾಗಲಿಲ್ಲ. ಅವನನ್ನು ಎಲ್ಲರೂ ಅಡುಗೆ ಭಟ್ಟ ಎಂದೇ ಕರೆಯುವುದು. ಬಿಳಿ ನಾಣ್ಯಗಳನ್ನು ಮನೆಯಲ್ಲಿ ಏನೇನೋ ಸೇರಿಸಿ ಬಿಸಿ ಮಾಡಿ ಬಣ್ಣ ಬರಿಸಿ ತರುತ್ತಾನೆ, ಹೊರಗಿನವರಿಗೆ ಮಾರುತ್ತಾನೆ. ಅವನ ಬಣ್ಣಗಳು ಮಿಠಾಯಿ ಕಾಗದದ ಹಾಗೆ ಗಾಢವಾಗಿರುತ್ತವೆ, ಅಕ್ಷರಗಳ ಮೇಲೂ ಸುತ್ತಲಿನ ಖಾಲಿ ಜಾಗದ ಮೇಲೂ ಒಂದೇ ಸಮ ಹರಿದಿರುತ್ತವೆ.

"ಒಳ್ಳೇ ನ್ಯಾಯ," ಎಂದ ಅವನು. "ನಾನು ಮಾಡಿದ್ರೆ ಮೋಸ, ಹೋ ಅಕ್ಕ ಮಾಡಿದ್ರೆ ಔಷಧಿ."

"ನೀನು ಮಾರೋಕೆ ಮಾಡ್ತೀಯ. ಅವಳು ನನ್ನ ಬದುಕಿಸೋಕೆ ಮಾಡಿದ್ಲು," ಎಂದರು ಕ್ಯಾಪ್ಟನ್.

"ನಾಣ್ಯಕ್ಕೆ ಅದೆಲ್ಲ ಗೊತ್ತಾಗುತ್ತಾ?"

ಕ್ಯಾಪ್ಟನ್ ನಾಣ್ಯವನ್ನು ಜೇಬಿಗಿಟ್ಟುಕೊಂಡರು. ಅದೇ ವಾರ ನನ್ನ ಹತ್ತಿರ ಬಂದು, ಶರತ್ಕಾಲದ ನಾಣ್ಯ ಪ್ರದರ್ಶನಕ್ಕೆ ಗ್ವಾಂಗ್‌ಝೌಗೆ ಹೋಗೋಣವೇ ಎಂದು ಕೇಳಿದರು. ಅಲ್ಲಿಗೆ ದರ್ಜೆ ಕೊಡುವ ಕಂಪನಿಯವರು ಬರುತ್ತಾರೆ. ಅವರು ನಾಣ್ಯ ಪರೀಕ್ಷಿಸಿ, ಒಂದರಿಂದ ಎಪ್ಪತ್ತರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರು ಮಾಡುತ್ತಾರೆ. ಬಣ್ಣ ಸಹಜವಾದದ್ದಾದರೆ ಅಂಕ ಸಿಗುತ್ತದೆ, ಕಣ್ಣಿಗೆ ಒಪ್ಪುವಂತಿದ್ದರೆ ಒಂದು ಮೆಟ್ಟಿಲು ಮೇಲೂ ಹೋಗಬಹುದು. ಮನುಷ್ಯರು ಬರಿಸಿದ್ದು ಎಂದು ಅನುಮಾನ ಬಂದರೆ ಅಂಕವೇ ಇಲ್ಲ, ಡಬ್ಬಿಯ ಚೀಟಿಯ ಮೇಲೆ ಆ ಮಾತನ್ನೇ ಅಚ್ಚು ಹಾಕುತ್ತಾರೆ.

"ಹೋಗೋಣ. ಆದ್ರೆ ಮೊಟ್ಟೆ ವಿಷ್ಯ ಅಲ್ಲಿ ಎತ್ಬೇಡಿ," ಎಂದೆ.

ಅವರು ರೈಲು ಎಷ್ಟು ಹೊತ್ತಿಗೆ ಎಂದು ಕೇಳಿದರು.

ಪ್ರದರ್ಶನದಲ್ಲಿ ಕಂಪನಿಯ ಮೇಜಿನ ಹಿಂದೆ ಕುಳಿತಿದ್ದವಳು ಯೂನ್ ಎಂಬ ಹುಡುಗಿ. ಮೂವತ್ತರ ಒಳಗಿನ ವಯಸ್ಸು, ಕೂದಲನ್ನು ಪೆನ್ಸಿಲಿನಿಂದ ಕಟ್ಟಿಕೊಂಡಿದ್ದಳು. ನಾಣ್ಯವನ್ನು ಅಂಚಿನಲ್ಲಿ ಹಿಡಿದು ದೀಪದ ಕೆಳಗೆ ವಾಲಿಸಿದಳು, ತಿರುಗಿಸಿದಳು, ಭೂತಗನ್ನಡಿ ಹಿಡಿದು ಅಕ್ಷರಗಳ ಬುಡ ನೋಡಿದಳು. ಪಕ್ಕದಲ್ಲಿದ್ದ ಸಹೋದ್ಯೋಗಿಯನ್ನು ಮೊಣಕೈಯಿಂದ ತಿವಿದು ತೋರಿಸಿದಳು.

"ನೋಡಿ ಸರ್, ಇಲ್ಲಿ ಅಕ್ಷರದ ಪಕ್ಕ ಬಣ್ಣ ಹಿಂದೆ ಸರಿದಿದೆ. ಹಳದಿ, ಕೆಂಪು, ನೀಲಿ, ಸಾಲು ತಪ್ಪಿಲ್ಲ. ಹೊಳಪೂ ಕೆಟ್ಟಿಲ್ಲ. ನಿಧಾನವಾಗಿ ಬಂದಿರೋದು," ಎಂದಳು. "ಕೊನೇ ಮಾತು ನನ್ನದಲ್ಲ, ಆದ್ರೂ ಅರವತ್ತೈದಕ್ಕೆ ಕಮ್ಮಿ ಬರಲ್ಲ ಅನ್ಸುತ್ತೆ. ಎಲ್ಲಿತ್ತು ಸರ್ ಇದು, ಇಷ್ಟು ವರ್ಷ?"

ನಾನು ಮೇಜಿನ ಕೆಳಗೆ ಕ್ಯಾಪ್ಟನ್ನರ ಪಾದ ತುಳಿದೆ.

"ಇದು ಮೊಟ್ಟೆಯಿಂದ ಬಂದ ಬಣ್ಣ," ಎಂದರು ಅವರು. "ಬೇಸಿಗೇಲಿ ನನಗೆ ಜ್ವರ ಬಂದಾಗ ಉಜ್ಜಿದ್ದು."

ಹುಡುಗಿ ನಾಣ್ಯವನ್ನು ಮಖಮಲ್ಲಿನ ತಟ್ಟೆಯ ಮೇಲೆ ಇಟ್ಟಳು. ಸುತ್ತ ಯಾರಾದರೂ ಕೇಳಿಸಿಕೊಂಡರೇ ಎಂದು ನೋಡಿದಳು.

"ಯಾಕ್ ಸರ್ ಹೇಳಿದ್ರಿ?"

"ನೀನು ಕೇಳಿದೆಯಲ್ಲ ಮಗಳೇ."

"ಸುಮ್ನೆ ಮಾತಿಗೆ ಕೇಳಿದ್ದು. ಮೋಸ ಮಾಡೋರೂ ಮೊಟ್ಟೆನೇ ಬಳಸ್ತಾರೆ ಸರ್. ನನ್ನ ಕಣ್ಣು ಇದನ್ನ ಸಹಜ ಅಂತಿದೆ. ಆದ್ರೆ ನೀವು ಹೇಳಿದ್ಮೇಲೆ ನನ್ನ ಕಣ್ಣನ್ನ ನಾನು ಹೆಂಗೆ ನಂಬ್ಲಿ?"

"ನಾನು ಮೋಸ ಮಾಡೋಕೆ ಉಜ್ಜಿಸ್ಕೊಂಡಿಲ್ಲ. ನನಗೆ ಜ್ವರ ಇತ್ತು."

"ಜ್ವರಕ್ಕೆ ನಮ್ಮಲ್ಲಿ ಕಾಲಂ ಇಲ್ಲ ಸರ್."

ನಗಿಸಲೆಂದು ಹೇಳಿದ್ದಲ್ಲ ಅದು. ಅವಳಿಗೆ ನಿಜವಾಗಿಯೂ ಸಂಕಟವಾಗಿತ್ತು. ಅಂಕ ಕೊಡುವವರು ಬೇರೆ ಮೂವರು, ಅವರ ಕೈಗೆ ನಾಣ್ಯ ಮಾತ್ರ ಹೋಗುತ್ತದೆ, ತಂದವರ ಕಥೆ ಹೋಗುವುದಿಲ್ಲ, ಈಗಲೂ ಸುಮ್ಮನೆ ಕೊಟ್ಟು ಹೋಗಬಹುದು ಎಂದು ಮೆಲ್ಲಗೆ ವಿವರಿಸಿದಳು. ಕ್ಯಾಪ್ಟನ್ ಒಪ್ಪಲಿಲ್ಲ. ತಾನು ಹೇಳಿದ್ದನ್ನು ಜೊತೆಗೆ ಬರೆದೇ ಕಳಿಸಬೇಕು ಎಂದು ಪಟ್ಟು ಹಿಡಿದರು. ಅವಳು ಬರೆದಳು.

ವಾಪಸು ಬರುವ ರೈಲಿನಲ್ಲಿ ನನಗೆ ಸಿಟ್ಟಿತ್ತು. ಕಿಟಕಿಯಾಚೆ ಅವರು ಒಂದು ಕಾಲದಲ್ಲಿ ದೋಣಿ ನಡೆಸಿದ ನದಿ ಕಾಣಿಸಿ ಮರೆಯಾಗುತ್ತಿತ್ತು.

"ಹೇಳದೇ ಇದ್ದಿದ್ರೆ ಅಂಕ ಸಿಕ್ತಿತ್ತು ಅಲ್ವಾ?" ಎಂದು ಅವರೇ ಮಾತು ತೆಗೆದರು.

"ಸಿಕ್ತಿತ್ತು."

"ಆಮೇಲೆ ಡಬ್ಬಿ ತೆಗೆದು ನೋಡ್ದಾಗೆಲ್ಲ ನನಗೆ ಆ ಹುಡುಗಿ ಮುಖ ನೆನಪಾಗ್ತಿತ್ತು. ಬೇಡ ಬಿಡು."

ಚಳಿ ಶುರುವಾಗುವ ಹೊತ್ತಿಗೆ ನಾಣ್ಯ ಡಬ್ಬಿಯಲ್ಲಿ ಬಂತು. ಅಂಕ ಇರಬೇಕಾದ ಜಾಗದಲ್ಲಿ, ಬಣ್ಣ ಸಹಜವಲ್ಲ ಎಂದಿತ್ತು. ಕ್ಯಾಪ್ಟನ್ ಒಮ್ಮೆ ಓದಿ ಜೇಬಿಗಿಟ್ಟುಕೊಂಡರು. ಅವರಿಗೆ ಬೇಸರವಾಗಿರಲಿಲ್ಲ ಎನ್ನಲಾರೆ, ಆದರೆ ನಾಣ್ಯದ ಮೇಲಿನ ಪ್ರೀತಿ ಕಡಿಮೆಯಾದಂತೆಯೂ ಕಾಣಲಿಲ್ಲ.

ಸಂತೆಯಲ್ಲಿ ಸುದ್ದಿ ಅರ್ಧಕ್ಕರ್ಧ ಓಡುತ್ತದೆ. ಅಂಕ ಸಿಗಲಿಲ್ಲ ಎಂಬುದು ಹಿಂದೆ ಬಿತ್ತು. ಗ್ವಾಂಗ್‌ಝೌದ ಪರೀಕ್ಷಕಿಯೇ ಮೊಟ್ಟೆಯ ಬಣ್ಣವನ್ನು ಸಹಜ ಎಂದು ನಂಬಿಬಿಟ್ಟಳಂತೆ, ಮುದುಕ ಬಾಯಿ ಬಿಡದಿದ್ದರೆ ಸಿಕ್ಕಿಬೀಳುತ್ತಲೇ ಇರಲಿಲ್ಲವಂತೆ ಎಂಬುದು ಮುಂದೆ ಓಡಿತು. ಎರಡು ವಾರದಲ್ಲಿ ನಮ್ಮ ಸಾಲಿನ ನಾಣ್ಯ ವ್ಯಾಪಾರಿಗಳಿಗೆಲ್ಲ ಕಾಯಿಲೆ ಬಂತು.

ಒಬ್ಬನಿಗೆ ತಲೆಸುತ್ತು, ಇನ್ನೊಬ್ಬನಿಗೆ ಬೆನ್ನುನೋವು, ಸ್ಟಾಂಪು ಮಾರುವವನಿಗೂ ಚಳಿಜ್ವರ. ಎಲ್ಲರೂ ಹೋ ಅಕ್ಕನ ಬೆಂಚಿನ ಮೇಲೆ ಸರದಿಯಲ್ಲಿ ಮಲಗುತ್ತಿದ್ದರು, ಎಲ್ಲರೂ ತಮ್ಮತಮ್ಮ ನಾಣ್ಯ ತಾವೇ ತರುತ್ತಿದ್ದರು. ಆಕೆ ಮೊದಮೊದಲು ಚಳಿಗಾಲದ ಗಾಳಿ ಎಂದುಕೊಂಡು ಉಜ್ಜಿದಳು. ತಿಕ್ಕಲು ಬೂದಿ ತೆಗೆದರೆ ಮಾತ್ರ ರೋಗಿ ನಾಣ್ಯ ಕಿತ್ತುಕೊಂಡು ಎದ್ದು ನಡೆಯುತ್ತಿದ್ದ.

ಕೊನೆಗೆ ಚಾನ್ ಬಂದ. ಕೆಮ್ಮುತ್ತ ಬಂದು ಮೂರು ನಾಣ್ಯ ಮುಂದಿಟ್ಟ.

"ಅಕ್ಕ, ಮೂರನ್ನೂ ಒಟ್ಟಿಗೆ ಹಾಕು. ಜ್ವರ ಜೋರಾಗಿದೆ."

"ಮೂರು ನಾಣ್ಯದಷ್ಟು ಜ್ವರ ಬಂದೋನು ನಡ್ಕೊಂಡ್ ಬರಲ್ಲ ತಮ್ಮಾ. ನಾಲ್ಕು ಜನ ಹೊತ್ಕೊಂಡ್ ಬರ್ತಾರೆ."

"ಹೇಳಿದಷ್ಟು ಮಾಡು ಅಕ್ಕ. ಆಮೇಲೆ ತಿಕ್ಕೋಕೆ ಹೋಗ್ಬೇಡ."

ಆಕೆ ಅವನ ಹಣೆಗೆ ಕೈಯಿಟ್ಟು ನೋಡಿದಳು. ಮೂರು ನಾಣ್ಯವನ್ನೂ ಅವನ ಅಂಗಿಯ ಜೇಬಿಗೇ ಹಾಕಿ, ಅತಿ ಕಹಿಯಾದ ಕಷಾಯ ಒಂದು ಬಟ್ಟಲು ಕುಡಿಸಿ, ಅದರ ದುಡ್ಡು ಇಸಿದುಕೊಂಡು ಕಳಿಸಿದಳು. ಆಮೇಲೆ ನೇರ ನನ್ನ ಮೇಜಿಗೆ ಬಂದಳು.

"ಏನೋ ಇದು ತಾಮ್? ಇವರಿಗೆಲ್ಲ ಏನು ಬಂದಿದೆ?"

ನಾನು ಇದ್ದದ್ದನ್ನು ಹೇಳಿದೆ. ಗ್ವಾಂಗ್‌ಝೌಗೆ ಹೋದದ್ದು, ಹುಡುಗಿ ನೋಡಿದ್ದು, ಕ್ಯಾಪ್ಟನ್ ಮೊಟ್ಟೆಯ ಮಾತು ಎತ್ತಿದ್ದು, ಅಂಕ ತಪ್ಪಿದ್ದು. ಆಕೆ ನಿಂತೇ ಕೇಳುತ್ತಿದ್ದವಳು ಸ್ಟೂಲಿನ ಮೇಲೆ ಕುಳಿತಳು.

"ಮೊಟ್ಟೆಯಿಂದ ಬಂತು ಅಂತ ಅವರೇ ಹೇಳಿದ್ರಾ?"

"ಅವರೇ. ಬರೆಸಿ ಬೇರೆ ಕಳಿಸಿದ್ರು."

"ಅಯ್ಯೋ ಪಾಪಿ. ಅದಕ್ಕೆ ಮೊಟ್ಟೆ ಸೋಕಿಯೇ ಇಲ್ವಲ್ಲೋ."

ಅಂಗಡಿಯನ್ನು ಪಕ್ಕದವಳಿಗೆ ನೋಡಿಕೊಳ್ಳಲು ಹೇಳಿ, ನನ್ನನ್ನು ಹೊರಡಿಸಿಕೊಂಡು ಕ್ಯಾಪ್ಟನ್ನರ ಮನೆಗೆ ನಡೆದಳು. ನದಿಯ ಏರಿಯ ಮೇಲಿನ ಹಳೆಯ ಕಟ್ಟಡ, ಲಿಫ್ಟ್ ಇಲ್ಲ. ಕ್ಯಾಪ್ಟನ್ ಸಂತೆಯಿಂದ ಬಂದು ಮಧ್ಯಾಹ್ನದ ಗಂಜಿ ಕಾಯಿಸುತ್ತಿದ್ದರು. ನಮ್ಮಿಬ್ಬರನ್ನೂ ಒಟ್ಟಿಗೆ ಬಾಗಿಲಲ್ಲಿ ಕಂಡು ಯಾರೋ ಸತ್ತಿರಬೇಕು ಎಂದುಕೊಂಡರಂತೆ.

"ಕ್ಯಾಪ್ಟನ್, ನಿಮ್ಮ ಹತ್ರ ಇರೋ ನಾಣ್ಯ ನಿಮಗೆ ಉಜ್ಜಿದ್ದಲ್ಲ," ಎಂದಳು ಹೋ ಅಕ್ಕ, ಚಪ್ಪಲಿ ಕೂಡ ಬಿಡದೆ.

"ಅಂದ್ರೆ?"

"ನಿಮಗೆ ಉಜ್ಜಿದ್ದನ್ನ ಅವತ್ತು ಅಂಗಡಿ ಮುಚ್ಚೋ ಮೊದ್ಲೇ ಬೂದೀಲಿ ತಿಕ್ಕಿ ತೊಳ್ದೆ. ನಿಮಗೆ ಕೊಟ್ಟಿದ್ದು ಬೇರೆ. ನಮ್ಮತ್ತೆ ಸೇವಂತಿಗೆ ಡ್ರಾಯರ್ ತಳದಲ್ಲಿ ಕಾಗದದಡಿ ಒಂದು ಇಟ್ಟಿದ್ರು, ನಾನು ಮದುವೆಯಾಗಿ ಬರೋಕೆ ಮುಂಚಿಂದ ಅಲ್ಲೇ ಬಿದ್ದಿತ್ತು. ತೆಗೆದು ನೋಡಿದ್ರೆ ಬಣ್ಣಬಣ್ಣ ಆಗಿತ್ತು. ನಿಮಗೆ ಬೇಕಾಗಿದ್ದು ಬಣ್ಣ ತಾನೇ ಅಂತ ಕೊಟ್ಟೆ."

ನನಗೆ ತಲೆಯಲ್ಲಿ ದೀಪ ಹತ್ತಿದ ಹಾಗಾಯಿತು. ಹಿಂದಿನ ಕಾಲದಲ್ಲಿ ಒಣ ಸೇವಂತಿಗೆಗೆ ಹುಳ ಹಿಡಿಯದಂತೆ ಗಂಧಕದ ಹೊಗೆ ಕೊಡುತ್ತಿದ್ದರು. ಆ ಡ್ರಾಯರಿನಲ್ಲಿ, ಕಾಗದದ ಕೆಳಗೆ, ಐವತ್ತೋ ಅರವತ್ತೋ ವರ್ಷ. ಇದಕ್ಕಿಂತ ಸಹಜವಾದ ಬಣ್ಣ ಇನ್ನೆಲ್ಲಿ ಸಿಗಬೇಕು? ಯೂನ್‌ಳ ಕಣ್ಣು ಸರಿಯಾಗಿಯೇ ಹೇಳಿತ್ತು. ತಿಕ್ಕಿದ ಗೆರೆ ಇಲ್ಲ ಎಂದಾಗ ನನಗೂ ಹೊಳೆಯಬೇಕಿತ್ತು.

ಕ್ಯಾಪ್ಟನ್ ಒಲೆ ಆರಿಸಿದರು.

"ನನ್ನ ಬಾಯಲ್ಲಿ ಗ್ವಾಂಗ್‌ಝೌದಲ್ಲಿ ಸುಳ್ಳು ಹೇಳಿಸ್ದೆಯಲ್ಲ."

"ನಾನೆಲ್ಲಿ ಹೇಳಿಸ್ದೆ? ಅಷ್ಟು ದೂರ ರೈಲಲ್ಲಿ ಹೋಗಿ ಮೊಟ್ಟೆ ಕಥೆ ಹೇಳಿ ಅಂತ ನಿಮಗ್ಯಾರು ಹೇಳಿದ್ರು?"

"ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಹೇಳಿದ್ರೆ ನೀವು ಬಿಡ್ತಿದ್ರಾ? ಉಜ್ಜಿದ್ದೇ ಬೇಕು ಅಂತಿದ್ರಿ." ಆಕೆ ಕುರ್ಚಿ ಎಳೆದುಕೊಂಡು ಕುಳಿತಳು. ಧ್ವನಿ ತಗ್ಗಿತು. "ನಮ್ಮೆಜಮಾನ್ರಿಗೆ ಉಜ್ಜಿದ ದಿನ ಮನೇಗೆ ನೆಂಟರು ಬಂದಿದ್ರು. ಅಡುಗೆ, ಊಟ ಅಂತ ಓಡಾಡ್ಕೊಂಡು ನಾಣ್ಯ ತಿಕ್ಕೋದು ಮರ್ತೆ. ಬೆಳಿಗ್ಗೆ ಅವರು ಏಳ್ಲಿಲ್ಲ. ಡಾಕ್ಟ್ರು ಹೃದಯ ಅಂದ್ರು. ಹೃದಯಾನೇ ಇರಬಹುದು, ನಾನೇನು ಓದಿದೋಳಲ್ಲ. ಆದ್ರೆ ನಾಣ್ಯ ಕರವಸ್ತ್ರದಲ್ಲಿ ಹಾಗೇ ಇತ್ತು, ಕಪ್ಪಾಗಿ. ಇನ್ನೊಬ್ಬರ ಕಾಯಿಲೇನ ತಿಕ್ಕದೆ ಅವರ ಕೈಗೇ ಕೊಟ್ಟು ಕಳಿಸೋಕೆ ನನ್ನಿಂದ ಆಗಲ್ಲ."

ಕ್ಯಾಪ್ಟನ್ ಮೂರು ಬಟ್ಟಲಿಗೆ ಗಂಜಿ ಬಡಿಸಿದರು, ಉಪ್ಪು ಹಾಕಿದ ಮೂಲಂಗಿ ಇಟ್ಟರು. ಕುಳಿತು ತಿಂದೆವು.

ನನಗೆ ತಡೆದುಕೊಳ್ಳಲಾಗಲಿಲ್ಲ. "ಕ್ಯಾಪ್ಟನ್, ಇದು ಒಳ್ಳೇ ಸುದ್ದಿ ಅಲ್ವಾ? ಬಣ್ಣ ಸಹಜವಾದದ್ದು. ಡಬ್ಬಿ ಒಡೆದು ಮತ್ತೆ ಕಳಿಸೋಣ," ಎಂದೆ.

ಅವರು ನಾಣ್ಯದ ಡಬ್ಬಿಯನ್ನು ಕಪಾಟಿನಿಂದ ತಂದು ಮೇಜಿನ ಮೇಲಿಟ್ಟು ನೋಡಿದರು. ಮುಖದಲ್ಲಿ ಸಂತೋಷವಿರಲಿಲ್ಲ.

"ಕಳಿಸೋಣ. ನೀನೇ ತಗೊಂಡು ಹೋಗು," ಎಂದರು. "ನಾನು ಇಷ್ಟು ದಿನ ನಂದು ಅಂದ್ಕೊಂಡಿದ್ದೆ. ಇದರಲ್ಲಿ ನಂದೇನೂ ಇಲ್ಲ."

ವಸಂತದ ಪ್ರದರ್ಶನಕ್ಕೆ ನನ್ನ ಜೊತೆ ಅವರೂ ಬಂದರು. ಯೂನ್ ನಮ್ಮನ್ನು ದೂರದಿಂದಲೇ ಗುರುತಿಸಿ ಎರಡೂ ಕೈ ಎತ್ತಿದಳು.

"ಸರ್, ಈ ಸಲ ಏನೂ ಹೇಳ್ಬೇಡಿ."

"ಹೇಳ್ಲೇಬೇಕು ಮಗಳೇ. ಹೋದ ಸಲ ಹೇಳಿದ್ದು ಸುಳ್ಳಾಯ್ತು," ಎಂದು ಕ್ಯಾಪ್ಟನ್ ಡ್ರಾಯರಿನ ಕಥೆ ಹೇಳಿದರು. ಅವಳು ಕೊನೆಯವರೆಗೆ ಕೇಳಿದಳು.

"ಸೇವಂತಿಗೆ ಅಂದ್ರೆ ನನಗೆ ನಂಬಿಕೆ ಬರುತ್ತೆ," ಎಂದಳು. "ಆದ್ರೆ ಹೋದ ಸಲ ಮೊಟ್ಟೆ ಅಂದಾಗ್ಲೂ ಬಂದಿತ್ತು. ನನ್ನ ನಂಬಿಕೆ ಪಕ್ಕಕ್ಕಿರ್ಲಿ, ನಾಣ್ಯ ಒಂದೇ ಹೋಗ್ಲಿ. ಏನೂ ಬರೆಯಲ್ಲ. ಆಗ್ಬಹುದಾ?"

ಈ ಬಾರಿ ಅವರು ಒಪ್ಪಿದರು. ಅಂಕ ಅರವತ್ತಾರು ಬಂತು.

ಗ್ವಾಂಗ್‌ಝೌದ ಒಬ್ಬರು ಬಣ್ಣದ ನಾಣ್ಯವನ್ನೇ ಕೂಡಿಡುವವರು, ಸುದ್ದಿ ತಿಳಿದು ತಾವೇ ವುಝೌಗೆ ಬಂದರು. ಕ್ಯಾಪ್ಟನ್ ಮಾರಲಾರರು ಎಂದು ನಾನು ಎಣಿಸಿದ್ದೆ. ಅವರು ಒಂದು ಲೋಟ ಚಹಾ ಮುಗಿಯುವುದರೊಳಗೆ ಮಾರಿದರು. ಅರ್ಧ ಹಣವನ್ನು ಹೋ ಅಕ್ಕನ ಮುಂದಿಟ್ಟಾಗ ಆಕೆ ಬೇಡ ಎನ್ನಲಿಲ್ಲ. "ಡ್ರಾಯರು ನಂದು, ಸರಿ," ಎಂದು ತೆಗೆದುಕೊಂಡು, ಮೂಲಿಕೆ ಹಾಕಿ ಮಾಡಿ ತಣ್ಣಗೆ ತಿನ್ನುವ ಆಮೆ ಜೆಲ್ಲಿ ಇಡಲು ಗಾಜಿನ ಬಾಗಿಲಿನ ಫ್ರಿಜ್ ಕೊಂಡಳು. ಈಗ ಬೇಸಿಗೆಯಲ್ಲಿ ಆ ವ್ಯಾಪಾರ ಕಷಾಯಕ್ಕಿಂತ ಚೆನ್ನಾಗಿದೆ.

ಕ್ಯಾಪ್ಟನ್ ಕೇಳಿದ್ದು ಇನ್ನೊಂದು ನಾಣ್ಯವನ್ನು, ನಿಜವಾಗಿ ಅವರ ಮೈಮೇಲೆ ಓಡಾಡಿದ್ದನ್ನು. ಹೋ ಅಕ್ಕ ತೋರಿಸಿದಳು. ದಶಕಗಳ ಬೂದಿಯಲ್ಲಿ ಹಿರಿಯರ ಮೂಗು ಸವೆದಿತ್ತು, ದೋಣಿಯಲ್ಲಿ ಹಾಯಿ ಯಾವುದು ನೀರು ಯಾವುದು ತಿಳಿಯುತ್ತಿರಲಿಲ್ಲ. ಮೇಲ್ಮೈ ತುಂಬ ಕೂದಲೆಳೆಯಂಥ ಗೆರೆಗಳು. ಯಾವ ಕಂಪನಿಯೂ ಅದಕ್ಕೆ ಅಂಕ ಕೊಡುವುದಿಲ್ಲ, ನಾನೂ ಬೆಳ್ಳಿಯ ತೂಕಕ್ಕಷ್ಟೇ ಕೊಳ್ಳುತ್ತಿದ್ದೆ.

"ಇದನ್ನ ಕೊಡು, ಎಷ್ಟಾದ್ರೂ ಸರಿ," ಎಂದರು ಕ್ಯಾಪ್ಟನ್.

"ಇದು ಕೆಲ್ಸ ಮಾಡೋ ನಾಣ್ಯ. ನಿಮ್ಮ ಕಪಾಟಲ್ಲಿ ಕೂತ್ಕೊಂಡು ಏನು ಮಾಡುತ್ತೆ?"

"ನಾನು ಕೊಟ್ಟ ಬಿಳೀದು ಇದೆಯಲ್ಲ."

"ಅದಿನ್ನೂ ಹೊಸದು. ಅಂಚು ಚೂಪು, ಮಕ್ಕಳ ಮೈಗೆ ಚುಚ್ಚುತ್ತೆ. ಇದು ಸವೆದು ಮೆತ್ತಗಾಗಿದೆ, ನೋಡಿ."

ಅವರು ಹೆಬ್ಬೆರಳಿನಿಂದ ಅಂಚು ಸವರಿ ನೋಡಿ ಹಿಂದಕ್ಕೆ ಕೊಟ್ಟರು. ಮತ್ತೆ ಕೇಳಲಿಲ್ಲ.

ಚಾನ್ ತನ್ನ ಮೂರು ನಾಣ್ಯಗಳಿಗೆ ಮನೆಯಲ್ಲೇ ಮೊಟ್ಟೆ ಕಟ್ಟಿ ಅಂಕಕ್ಕೆ ಕಳಿಸಿದ್ದ. ಮೂರೂ ಅಂಕವಿಲ್ಲದೆ ಬಂದವು. ಅವನು ಅದನ್ನು ಹೋ ಅಕ್ಕನ ಕೈಗುಣ ತನಗೆ ಸಿಗದ್ದಕ್ಕೆ ಆದದ್ದು ಎಂದು ಹೇಳಿಕೊಂಡು ತಿರುಗುತ್ತಾನೆ, ಆಕೆ ಅದನ್ನು ಅಲ್ಲಗಳೆಯುವುದಿಲ್ಲ. ಮಿಕ್ಕ ವ್ಯಾಪಾರಿಗಳ ಕಾಯಿಲೆ ಒಂದೇ ವಾರದಲ್ಲಿ ವಾಸಿಯಾಯಿತು.

ಕ್ಯಾಪ್ಟನ್ ಈಗ ವಾರದ ನಡುವೆಯೂ ಪೇಟೆಗೆ ಬರುತ್ತಾರೆ. ಹೋ ಅಕ್ಕನ ಅಂಗಡಿಯಲ್ಲಿ ಹಂಡೆಗೆ ನೀರು ಹೊರುತ್ತಾರೆ, ಮೊಟ್ಟೆ ಬೇಯಿಸುತ್ತಾರೆ. ಮಗು ಅಳುತ್ತಿದ್ದರೆ ದೋಣಿಯ ಕೊಂಬಿನ ಸದ್ದನ್ನು ಬಾಯಲ್ಲೇ ಮಾಡಿ ನಗಿಸುತ್ತಾರೆ. ಉಜ್ಜಿ ಆದ ಮೇಲೆ ನಾಣ್ಯ ಬಿಳುಪಾಗಿಸುವ ಕೆಲಸವನ್ನೂ ಆಕೆ ಅವರಿಗೇ ಬಿಟ್ಟಿದ್ದಾಳೆ. ಮೊದಲ ದಿನ ಬೂದಿಯ ಡಬ್ಬಿ ಹಿಡಿದು ಬಹಳ ಹೊತ್ತು ಕುಳಿತಿದ್ದರು. ನಾಣ್ಯಕ್ಕೆ ಅಂದು ಒಳ್ಳೆಯ ನೀಲಿ ಬಂದಿತ್ತು, ನಾನೂ ನೋಡಿದೆ. ಪಕ್ಕದಲ್ಲಿ ತಾಯಿಯ ತೊಡೆಯ ಮೇಲೆ ಒಂದು ಹೆಣ್ಣುಮಗು ಕೆನ್ನೆ ಕೆಂಪಾಗಿ ಮಲಗಿತ್ತು.

"ಏನ್ ನೋಡ್ತಿದೀರಾ? ತಿಕ್ಕಿ," ಎಂದಳು ಹೋ ಅಕ್ಕ.

ತಿಕ್ಕಿದರು.

ಅವರಿಬ್ಬರ ಬಗ್ಗೆ ಬೀದಿಯಲ್ಲಿ ಮಾತಿದೆ. ಕ್ಯಾಪ್ಟನ್ನರ ಮಗಳು ಹೊಸವರ್ಷಕ್ಕೆ ಬಂದಾಗ ಹೋ ಅಕ್ಕನನ್ನು ಊಟಕ್ಕೆ ಕರೆದಿದ್ದಳು, ಆಕೆ ಹೋಗಿಯೂ ಬಂದಳು. ಅದರಾಚೆಗೆ ನನಗೆ ತಿಳಿಯದು. ಭಾನುವಾರ ಮಾತ್ರ ಅವರು ತಪ್ಪದೆ ನನ್ನ ಮೇಜಿಗೆ ಬರುತ್ತಾರೆ, ಕಷಾಯದ ಅಂಗಡಿಯ ಕೆಲಸ ಮುಗಿಸಿ ಸ್ವಲ್ಪ ತಡವಾಗಿ. ಹೋದ ವಾರ ಒಂದು ದೋಣಿ ನಾಣ್ಯ ಕೊಂಡರು. ಅಂಚಿನಲ್ಲಿ ಅರ್ಧಚಂದ್ರದಷ್ಟು ಕೆಂಪು ಬಣ್ಣವಿದೆ, ಉಳಿದದ್ದು ಬಿಳಿ. ಅಂಕಕ್ಕೆ ಕಳಿಸುವುದಿಲ್ಲವಂತೆ.